ಬೈತಖೋಲದ ಐಸು, ಸಾಣಿಕಟ್ಟಾದ ಉಪ್ಪು, ಹಿಮದ ಬೈಕಿಗೊಂದು ಬ್ಯಾಟರಿ

ಕಳೆದ ಜನವರಿಯ ಒಂದು ಬೆಳಿಗ್ಗೆ ಏಳೂವರೆಗೆ ಅಳಿಯನ ಫೋನು ಬಂತು. ಅವನು ನನ್ನ ಅಕ್ಕನ ಮಗ, ಮನೆ ಶಿರಸಿ. ಚಳಿಗಾಲದ ನಾಲ್ಕು ತಿಂಗಳು ಹಿಮಾಚಲದಲ್ಲಿ ಮೆಕ್ಯಾನಿಕ್ ಕೆಲಸ ಮಾಡುತ್ತಾನೆ. ಅಟಲ್ ಸುರಂಗ ದಾಟಿದರೆ ಆಚೆ ಲಾಹೌಲ್ ಕಣಿವೆ, ಅಲ್ಲಿ ಸಿಸ್ಸು ಎಂಬ ಊರು. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರ. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರಿನ ಆ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಅಲ್ಲಿಗೆ ಜನ ಹೋಗುವಂತಾಗಿದೆ. ಇವನ ಮಾಲೀಕರ ಹತ್ತಿರ ಒಂದು ಸ್ನೋಬೈಕ್ ಇದೆ.

"ಮಾವ, ಸೆಲ್ಫ್ ಹೊಡದ್ರೆ ಬರೀ ಟಿಕ್ ಟಿಕ್ ಹೇಳ್ತು. ಇಂಜಿನ್ ತಿರ್ಗ್ತೇ ಇಲ್ಲೆ. ಎಂತ ಮಾಡವು?"

ನಾನು ಕಾರವಾರದಲ್ಲಿ ಬೈಕು ಮತ್ತು ದೋಣಿಯ ಇಂಜಿನ್ನುಗಳ ಕರೆಂಟ್ ಕೆಲಸ ಮಾಡುವವನು. ನಮ್ಮಲ್ಲಿ ಚಳಿ ಅಂದರೆ ಡಿಸೆಂಬರಿನ ಬೆಳಿಗ್ಗೆ ಒಂದು ಶಾಲು. ಅಕ್ಕನ ಮನೆಯಲ್ಲಿ ಥರ್ಮಾಮೀಟರ್ 13 ತೋರಿಸಿದರೆ ಇಡೀ ಕೇರಿ ಅದೇ ಮಾತಾಡುತ್ತದೆ. ಇವನು ಹೇಳುತ್ತಿದ್ದುದು ಮೈನಸ್ 16. ಆದರೆ ಟಿಕ್ ಟಿಕ್ ಸದ್ದು ಎಲ್ಲ ಊರಲ್ಲೂ ಒಂದೇ. ಸೆಲ್ಫ್ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ರಿಲೇ, ಕಚ್ಚುತ್ತಿದೆ, ಮೋಟರಿಗೆ ಬೇಕಾದಷ್ಟು ಕರೆಂಟು ಮುಟ್ಟುತ್ತಿಲ್ಲ.

ಅಲ್ಲಿಂದ ಶುರುವಾದ ಕೆಲಸ ಮುಗಿದದ್ದು ಈ ಜನವರಿಯಲ್ಲಿ. ಒಂದು ವರ್ಷದ ಕಥೆ. ಹಿಮಾಲಯದ ಕಡೆ ಬೈಕು ಒಯ್ಯುವ ನಮ್ಮೂರ ಹುಡುಗರು ಜಾಸ್ತಿಯಾಗಿದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಆ ಬೈಕಿನ ಬಗ್ಗೆ. ಸ್ನೋಬೈಕ್ ಅಂದರೆ ಬೇರೆಯೇ ವಾಹನವಲ್ಲ. 450 ಸಿಸಿಯ ಮೋಟೋಕ್ರಾಸ್ ಬೈಕನ್ನು ತೆಗೆದುಕೊಂಡು, ಮುಂದಿನ ಚಕ್ರ ಬಿಚ್ಚಿ ಅಗಲದ ಒಂದು ಸ್ಕೀ ಕೂರಿಸುತ್ತಾರೆ. ಹಿಂದಿನ ಚಕ್ರ ಬಿಚ್ಚಿ ರಬ್ಬರಿನ ಉದ್ದ ಟ್ರ್ಯಾಕ್ ಕೂರಿಸುತ್ತಾರೆ. ಟ್ರ್ಯಾಕ್ಟರಿನ ಕೇಜ್ ವೀಲ್ ಕೆಸರಲ್ಲಿ ಮಾಡುವ ಕೆಲಸವನ್ನು ಇದು ಹಿಮದಲ್ಲಿ ಮಾಡುತ್ತದೆ. ಅಮೆರಿಕದ ಐಡಾಹೋದಲ್ಲಿ ಹುಟ್ಟಿದ ಟಿಂಬರ್‌ಸ್ಲೆಡ್ ಇಂಥ ಕಿಟ್‌ಗಳಲ್ಲಿ ಹೆಸರಾದದ್ದು. 2015ರಲ್ಲಿ ಪೋಲಾರಿಸ್ ಅದನ್ನು ಕೊಂಡುಕೊಂಡಿತು.

ತೊಂದರೆ ಇರುವುದು ಬೈಕಿನ ಕಡೆ. ಹಳೆಯ ಮೋಟೋಕ್ರಾಸ್ ಬೈಕುಗಳಿಗೆ ಕಿಕ್ ಇರುತ್ತಿತ್ತು. ಯಮಹಾ ವೈಝಡ್450ಎಫ್, ಹೋಂಡಾ ಸಿಆರ್‌ಎಫ್450ಆರ್ ಎರಡಕ್ಕೂ 2018ರ ಮಾಡೆಲಿನಿಂದ ಸೆಲ್ಫ್ ಬಂತು, ಕಿಕ್ ಹೋಯಿತು. ತೂಕ ಉಳಿಸಬೇಕೆಂದು ಇಂಥ ಬೈಕುಗಳಿಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಲಿಥಿಯಂ ಬ್ಯಾಟರಿ ಕೊಡುತ್ತಾರೆ. ರೇಸಿನ ಮೈದಾನಕ್ಕೆ ಅದು ಸಾಕು. ಬಿದ್ದರೆ ಬಟನ್ ಒತ್ತಿ ಎದ್ದು ಓಡಬೇಕು, ಅಷ್ಟೇ. ಮೈನಸ್ 16ರಲ್ಲಿ ರಾತ್ರಿಯಿಡೀ ತಗಡಿನ ಶೆಡ್ಡಿನಲ್ಲಿ ಮಲಗಿ ಬೆಳಿಗ್ಗೆ ಏಳಲಿ ಎಂದು ಅದನ್ನು ಮಾಡಿದ್ದಲ್ಲ. ಟ್ರ್ಯಾಕ್ ಹಾಕಿದ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡುವುದೂ ಆಗದ ಮಾತು. ಬ್ಯಾಟರಿ ಹೋದರೆ ಬೈಕು ಅಲ್ಲೇ ನಿಂತಿತು, ಜೊತೆಗೆ ಸವಾರನೂ ಹಿಮದಲ್ಲಿ ನಿಂತ. ನನಗೆ ನಿಜವಾಗಿ ಹೆದರಿಕೆಯಾದದ್ದು ಅದಕ್ಕೇ.

ಆ ದಿನ ವಿಡಿಯೋ ಕಾಲಿನಲ್ಲೇ ಪರೀಕ್ಷೆ ಶುರುಮಾಡಿದೆವು. ಬ್ಯಾಟರಿಯ ವೋಲ್ಟೇಜ್ 12.9. ಈ ಬೈಕಿನಲ್ಲಿದ್ದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಇದು ಕಡಿಮೆ. ಪೂರ್ತಿ ಚಾರ್ಜ್ ಆಗಿ ಸುಮ್ನೆ ಕೂತ ಬ್ಯಾಟರಿ 13.3ರ ಮೇಲೆ ತೋರಿಸಬೇಕು. ಸೀಸದ ಬ್ಯಾಟರಿಯ ಲೆಕ್ಕದಲ್ಲಿ ನೋಡುವವರಿಗೆ 12.9 ಅಂದರೆ ಫುಲ್ ಎನಿಸುತ್ತದೆ. ಅಳಿಯನಿಗೂ ಹಾಗೇ ಅನಿಸಿತ್ತು.

ಆಮೇಲೆ ಅರ್ಥಿಂಗ್ ನೋಡಲು ಹೇಳಿದೆ. ಮೀಟರಿನ ಕಪ್ಪು ಮೊನೆ ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ, ಕೆಂಪು ಮೊನೆ ಇಂಜಿನ್ನಿನ ಬರಿಯ ಲೋಹಕ್ಕೆ. ಆಗ ಸೆಲ್ಫ್ ಒತ್ತಬೇಕು. ವೈರು ಸರಿ ಇದ್ದರೆ ಮೀಟರಿನಲ್ಲಿ 0.2 ವೋಲ್ಟಿಗಿಂತ ಜಾಸ್ತಿ ಬರಬಾರದು. ಅವನ ಮೀಟರಿನಲ್ಲಿ 0.9 ಬಂತು. ಮೋಟರಿಗೆ ಹೋಗಬೇಕಾದ ವೋಲ್ಟಿನಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟು ಬರೀ ಅರ್ಥಿಂಗ್ ವೈರಿನಲ್ಲೇ ಬಿದ್ದುಹೋಗುತ್ತಿತ್ತು. ಬೋಲ್ಟ್ ಬಿಚ್ಚಿ ತೋರಿಸಿದ. ಲಗ್ಗಿನ, ಅಂದರೆ ವೈರಿನ ತುದಿಯ ಲೋಹದ ಬಳೆಯ, ಕೆಳಗೆ ಬಣ್ಣ, ಅದರ ಮೇಲೆ ಹಸಿರು ತುಕ್ಕು. ಹಗಲು ಇಂಜಿನ್ನಿನ ಬಿಸಿಗೆ ಹಿಮ ಕರಗಿ ನೀರು ಒಳಗಿಳಿಯುತ್ತದೆ, ರಾತ್ರಿ ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಇಲ್ಲಿ ದೋಣಿಯ ಇಂಜಿನ್ನುಗಳಲ್ಲಿ ಉಪ್ಪುಗಾಳಿ ಮಾಡುವ ಕೆಲಸವನ್ನು ಅಲ್ಲಿ ಹಿಮ ಮಾಡಿತ್ತು. ನನ್ನ ಬಳಿ "ಬ್ಯಾಟರಿ ಹೋಯ್ತು" ಎಂದು ಬರುವ ದೋಣಿಯವರಲ್ಲಿ ಎಷ್ಟೋ ಜನರ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಹೋಗಿರುವುದು ಲಗ್ಗು. ಹಾಗಾಗಿ ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಈ ಒಂದು ಪರೀಕ್ಷೆ ಮಾಡಿ. ಎರಡು ನಿಮಿಷದ ಕೆಲಸ.

ಅವನು ಉಜ್ಜಿ ಬಿಗಿ ಮಾಡಿದ. 0.9 ಇದ್ದದ್ದು 0.15ಕ್ಕೆ ಇಳಿಯಿತು. ಮಾಲೀಕರ ಜೀಪಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಕೊಟ್ಟಾಗ ಬೈಕು ಎದ್ದಿತು. ಆದರೆ ಒಂದು ವಾರಕ್ಕೆ ಮತ್ತೆ ಅದೇ ಟಿಕ್ ಟಿಕ್. ಸೀಸನ್ನು ಮುಗಿಯುವವರೆಗೂ ಪ್ರತಿ ಬೆಳಿಗ್ಗೆ ಜೀಪಿನ ಮುಂದೆ ಕೇಬಲ್ ಹಿಡಿದು ನಿಂತಿದ್ದಾಯಿತು.

ಮೇ ತಿಂಗಳಲ್ಲಿ ಊರಿಗೆ ಬಂದಾಗ ಆ ಬ್ಯಾಟರಿಯನ್ನೂ ತಂದ. ಪೂರ್ತಿ ಚಾರ್ಜ್ ಮಾಡಿ 10 ವ್ಯಾಟಿನ ಒಂದು ಬಲ್ಬು ಹಚ್ಚಿಟ್ಟೆ. ಮೇಲೆ ಬರೆದದ್ದು 2 ಆಂಪಿಯರ್ ಅವರ್, ಅಂದರೆ ಒಂದು ತಾಸು 2 ಆಂಪಿಯರ್ ಕೊಡುವಷ್ಟು. ಆ ಲೆಕ್ಕದಲ್ಲಿ ಎರಡೂವರೆ ತಾಸು ಉರಿಯಬೇಕಿತ್ತು. ಒಂದು ತಾಸು ಇಪ್ಪತ್ತು ನಿಮಿಷಕ್ಕೆ ಆರಿತು. ಅರ್ಧಕ್ಕರ್ಧ ಸತ್ತಿತ್ತು.

ಯಾಕೆ ಸತ್ತಿತು ಎನ್ನುವುದು ಮುಖ್ಯ. ಕೂತು ಮಾತಾಡಿದಾಗ ಎರಡು ಕಾರಣ ಹೊರಗೆ ಬಂದವು.

ಒಂದು, ಬಿಸಿ ಹಿಡಿಕೆ. ಚಳಿಗೆ ಕೈ ಮರಗಟ್ಟಬಾರದೆಂದು ಹ್ಯಾಂಡಲಿಗೆ ಹೀಟರ್ ಗ್ರಿಪ್ ಹಾಕಿದ್ದರು. ಅದರ ವೈರು ನೇರ ಬ್ಯಾಟರಿಗೇ ಹೋಗಿತ್ತು. ಇಂಜಿನ್ ಬಂದಾದರೂ ಹಿಡಿಕೆ ಬಂದಾಗುವುದಿಲ್ಲ. ಅದು ಎಳೆಯುವುದು 4 ಆಂಪಿಯರ್, ಬ್ಯಾಟರಿ ಇರುವುದು 2 ಆಂಪಿಯರ್ ಅವರ್. ಸವಾರ ಚಾ ಕುಡಿಯಲು ಇಳಿದು ಅರ್ಧ ತಾಸು ಕೂತರೆ ಬ್ಯಾಟರಿ ತಳ ಮುಟ್ಟುತ್ತದೆ. ಹೀಗೆ ಒಂದೆರಡು ಸಲ ಪೂರ್ತಿ ಬರಿದಾದರೆ ಲಿಥಿಯಂ ಮೊದಲಿನಂತೆ ಆಗುವುದಿಲ್ಲ.

ಇನ್ನೊಂದು, ಚಳಿಯಲ್ಲಿ ಚಾರ್ಜಿಂಗ್. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿಥಿಯಂ ಬ್ಯಾಟರಿಯ ಒಂದು ಬದಿಯಲ್ಲಿ ಗ್ರಾಫೈಟ್ ಇರುತ್ತದೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಅದರ ಪದರಗಳ ಒಳಗೆ ಹೋಗಿ ಕೂರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಒಳಗೆ ಹೋಗುವ ವೇಗ ತೀರ ಕಡಿಮೆ. ಹೊರಗಿನಿಂದ ತಳ್ಳುತ್ತಲೇ ಇದ್ದರೆ ಅವು ಒಳಗೆ ಜಾಗ ಸಿಗದೆ ಮೇಲ್ಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಲಿಥಿಯಂನಲ್ಲಿ ಹೆಚ್ಚಿನ ಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಜಾಸ್ತಿಯಾದರೆ ಒಳಗೇ ಶಾರ್ಟ್ ಆಗಬಹುದು. ಕರೆಂಟ್ ತೆಗೆಯುವುದಕ್ಕೆ ಮೈನಸ್ 20ರ ತನಕ ಅಡ್ಡಿಯಿಲ್ಲ. ಅಪಾಯ ಇರುವುದು ತುಂಬಿಸುವಾಗ. ಈ ಬೈಕಿನಲ್ಲಿ ಆದದ್ದು ಅದೇ. ಹೆಪ್ಪುಗಟ್ಟಿದ ಹಾಗಿರುವ ಬ್ಯಾಟರಿಗೆ ಜೀಪಿನಿಂದ ಜಂಪ್. ಇಂಜಿನ್ ಎದ್ದ ಕೂಡಲೇ ಬೈಕಿನ ಚಾರ್ಜಿಂಗ್ ರೆಗ್ಯುಲೇಟರಿನಿಂದ 14.2 ವೋಲ್ಟ್. ದಿನಾ ಬೆಳಿಗ್ಗೆ ಇದೇ.

ಹಾಗಾದರೆ ಯಾವ ಬ್ಯಾಟರಿ? ಅಂಗಡಿಯಲ್ಲಿ ಕೇಳಿದರೆ ಆಂಪಿಯರ್ ಅವರ್ ಹೇಳುತ್ತಾರೆ. ಸೆಲ್ಫಿಗೆ ಅದು ಅರ್ಧ ಉತ್ತರ ಮಾತ್ರ. ನೋಡಬೇಕಾದ ಸಂಖ್ಯೆ ಸಿಸಿಎ, ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್. ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು ಕಾಲ, 12 ವೋಲ್ಟಿನ ಬ್ಯಾಟರಿ 7.2 ವೋಲ್ಟಿಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಡುತ್ತದೆ ಎಂಬ ಲೆಕ್ಕ ಅದು. ನಮ್ಮ ಕಡೆ ಮಾರುವ ಎಷ್ಟೋ ಬೈಕ್ ಬ್ಯಾಟರಿಗಳ ಮೇಲೆ ಅದನ್ನು ಬರೆಯುವುದೇ ಇಲ್ಲ. ಲಿಥಿಯಂನಲ್ಲಿ ಇನ್ನೊಂದು ಗೊಂದಲ ಇದೆ. ಕೆಲವರು 12 ಆಂಪಿಯರ್ ಅವರ್ ಎಂದು ದೊಡ್ಡದಾಗಿ ಬರೆಯುತ್ತಾರೆ. ಅದು "ಇಷ್ಟು ದೊಡ್ಡ ಸೀಸದ ಬ್ಯಾಟರಿಗೆ ಸಮ" ಎಂಬ ಲೆಕ್ಕ. ಒಳಗೆ ನಿಜಕ್ಕೂ ಇರುವುದು 4. ಸೆಲ್ಫ್ ಹೊಡೆಯಲು ಆ ಹೋಲಿಕೆ ತಪ್ಪಲ್ಲ. ಆದರೆ ಬಿಸಿ ಹಿಡಿಕೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಲೆಕ್ಕ ಹಾಕುವವನು 12 ಎಂದು ನಂಬಿದರೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತಾನೆ.

ಬರೆದದ್ದನ್ನು ನಂಬಿ ಅಳಿಯನನ್ನು ಮತ್ತೆ ಮೈನಸ್ 16ಕ್ಕೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾನೇ ನೋಡಬೇಕು. ಕಾರವಾರದಲ್ಲಿ ಮೈನಸ್ 18 ಎಲ್ಲಿಂದ ತರುವುದು?

ಉತ್ತರ ಬಂದರಿನಲ್ಲೇ ಇತ್ತು. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದು ಸೊನ್ನೆಯಲ್ಲಿ ನಿಲ್ಲುವುದಿಲ್ಲ, ಕೆಳಗಿಳಿಯುತ್ತದೆ. ಅಳತೆ ಸರಿಯಾಗಿ ಕೂತರೆ ಮೈನಸ್ 21ರವರೆಗೂ ಹೋಗುತ್ತದೆ. ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಡಬ್ಬಿಯಲ್ಲಿ ಮಾಡುತ್ತಿದ್ದುದು ಇದನ್ನೇ. ಅಕ್ಟೋಬರಿನ ಒಂದು ಶನಿವಾರ ನಮ್ಮ ಮೀನುಗಾರಿಕೆ ಬಂದರು ಬೈತಖೋಲಕ್ಕೆ ಹೋಗಿ ಪುಡಿ ಮಾಡಿದ ಐಸು 30 ಕೇಜಿ ತಂದೆ. ಉಪ್ಪು ಗೋಕರ್ಣದ ಹತ್ತಿರದ ಸಾಣಿಕಟ್ಟಾದ್ದು, 10 ಕೇಜಿ. ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆಯನ್ನು ಪರಿಚಯದ ಮೀನಿನ ಅಕ್ಕ ಒಬ್ಬರು ಕೊಟ್ಟರು. ಎರಡು ದಿನಕ್ಕೆ ಬೇಕು ಅಂದೆ. "ಬ್ಯಾಟ್ರಿಗೆ ಐಸ್ ಹಾಕ್ತಾರಾ ಮಾರಾಯ?" ಎಂದು ಕೇಳಿದರು. ಕಾರಣ ಹೇಳಿದ ಮೇಲೆ ಇನ್ನೊಂದು ಮುಚ್ಚಳವನ್ನೂ ಕೊಟ್ಟರು.

ಸಾಣಿಕಟ್ಟಾ ಉಪ್ಪು ದಪ್ಪ ಹರಳು. ಹಾಗೇ ಹಾಕಿದಾಗ ಮೈನಸ್ 11ಕ್ಕೆ ನಿಂತುಬಿಟ್ಟಿತು. ಹರಳು ಬೇಗ ಕರಗುತ್ತಿರಲಿಲ್ಲ. ಮನೆಯ ಒರಳಿನಲ್ಲಿ ಕುಟ್ಟಿ ಪುಡಿ ಮಾಡಿ, ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪಿನಂತೆ ಪದರ ಪದರವಾಗಿ ಹಾಕಿ ಕಲಸಿದೆ. ಅರ್ಧ ತಾಸಿನಲ್ಲಿ ಮೈನಸ್ 18.

ಬ್ಯಾಟರಿಗಳನ್ನು ಎರಡೆರಡು ದಪ್ಪ ಪಾಲಿಥಿನ್ ಚೀಲದಲ್ಲಿ ಕಟ್ಟಿ, ಮೊದಲೇ ಜೋಡಿಸಿದ ದಪ್ಪ ಕೇಬಲನ್ನು ಚೀಲದ ಬಾಯಿಂದ ಹೊರಗೆ ಬಿಟ್ಟು, ಕುತ್ತಿಗೆಮಟ್ಟ ಹೂತಿಟ್ಟೆ. ಮಲ್ಟಿಮೀಟರಿನ ಜೊತೆ ಬರುವ ತಾಪದ ಪ್ರೋಬನ್ನು ಬ್ಯಾಟರಿಯ ಮೈಗೆ ಟೇಪ್ ಹಾಕಿ ಅಂಟಿಸಿದೆ. ಮೊದಲ ಸಲ ಒಂದು ಚೀಲಕ್ಕೆ ಸೂಜಿಯಷ್ಟು ತೂತಿತ್ತು. ಉಪ್ಪುನೀರು ಒಳಗೆ ಹೋಗಿ ಟರ್ಮಿನಲ್ ಹಸಿರಾಯಿತು, ಆ ರೀಡಿಂಗ್ ಬಿಟ್ಟುಬಿಟ್ಟು ಮತ್ತೆ ಮಾಡಿದೆ. ಹೊರಮೈ ತಣ್ಣಗಾದರೆ ಒಳಗೂ ತಣ್ಣಗಾಯಿತು ಎಂದಲ್ಲ. ಅದಕ್ಕೆ ರಾತ್ರಿಯಿಡೀ ಬಿಟ್ಟೆ. ನಡುರಾತ್ರಿ ಎದ್ದು ನೀರು ಬಸಿದು ಮತ್ತೆ ಐಸು, ಉಪ್ಪು ತುಂಬಿದೆ. ಬೆಳಿಗ್ಗೆ ಆರಕ್ಕೆ ಪ್ರೋಬು ಮೈನಸ್ 17 ತೋರಿಸುತ್ತಿತ್ತು. ಹೊರಗೆ ತೆಗೆದರೆ ನಮ್ಮ ಕರಾವಳಿಯ ಗಾಳಿಗೆ ಕ್ಷಣದಲ್ಲಿ ಮೈಯೆಲ್ಲ ನೀರಾಗುತ್ತದೆ. ಹಾಗಾಗಿ ಪೆಟ್ಟಿಗೆಯ ಒಳಗಿದ್ದಂತೆಯೇ ಲೋಡ್ ಕೊಟ್ಟೆ.

ಲೋಡನ್ನೂ ಇಲ್ಲೇ ಮಾಡಿದ್ದು. ಬೇಕಿದ್ದದ್ದು ಸೆಲ್ಫ್ ಮೋಟರಿನ ಬದಲಿಗೆ ಬ್ಯಾಟರಿಯಿಂದ ಸುಮಾರು 100 ಆಂಪಿಯರ್ ಎಳೆಯುವ ಒಂದು ವಸ್ತು. ಅದಕ್ಕೆ 0.1 ಓಮ್ ತಡೆ ಸಾಕು. 3 ಮಿಲಿಮೀಟರ್ ದಪ್ಪದ ಜಿಐ ತಂತಿ ಐದು ಮೀಟರ್ ತೆಗೆದುಕೊಂಡರೆ ಹತ್ತಿರ ಹತ್ತಿರ ಅಷ್ಟು ಬರುತ್ತದೆ. ಒಂದಕ್ಕೊಂದು ತಾಗದ ಹಾಗೆ ಪಿವಿಸಿ ಪೈಪಿಗೆ ಸುತ್ತಿ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದೆ. ನೀರಿಲ್ಲದಿದ್ದರೆ ತಂತಿ ಕಾಯುತ್ತದೆ, ಕಾದರೆ ಓಮ್ ಏರುತ್ತದೆ, ಲೆಕ್ಕ ತಪ್ಪುತ್ತದೆ. ಸ್ವಿಚ್ಚಿಗೆ ಹಳೆಯ ಕಾರಿನ ಸೊಲೆನಾಯ್ಡ್ ರಿಲೇ. ಕರೆಂಟ್ ಅಳೆಯಲು ಡಿಸಿ ಅಳೆಯುವ ಕ್ಲಾಂಪ್ ಮೀಟರೇ ಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಕ್ಲಾಂಪ್ ಮೀಟರುಗಳು ಎಸಿ ಮಾತ್ರ ಅಳೆಯುತ್ತವೆ, ನೋಡಿ ತಗೊಳ್ಳಿ. ಮಾಡುವವರಿಗೆ ಒಂದು ಮಾತು. ಕನ್ನಡಕ ಹಾಕಿಕೊಳ್ಳಿ. ಜೋಡಿಸುವುದು ಬಿಚ್ಚುವುದು ರಿಲೇಯಿಂದಲೇ ಆಗಲಿ, ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು.

ನಾಲ್ಕು ಬ್ಯಾಟರಿ ಇಟ್ಟುಕೊಂಡಿದ್ದೆ. ಬೈಕಿಗೆ ಬರುವ ಅಳತೆಯ 2 ಆಂಪಿಯರ್ ಅವರಿನ ಲಿಥಿಯಂ, ಹೊಸದು. ನಿಜವಾದ 4 ಆಂಪಿಯರ್ ಅವರ್ ಇರುವ ದೊಡ್ಡ ಲಿಥಿಯಂ, ಹುಬ್ಬಳ್ಳಿಯ ಗೆಳೆಯನಿಂದ ಎರವಲು ತಂದದ್ದು. ಇನ್ನೆರಡು ಎಜಿಎಂ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಟ್ಟ ಸೀಸದ ಬ್ಯಾಟರಿ. ಒಂದು ವೈಟಿಎಕ್ಸ್5ಎಲ್ ಅಳತೆಯದು, 4 ಆಂಪಿಯರ್ ಅವರ್, ಸಿಸಿಎ 80. ಇನ್ನೊಂದು ವೈಟಿಝಡ್7ಎಸ್ ಅಳತೆಯದು, 6 ಆಂಪಿಯರ್ ಅವರ್, ಸಿಸಿಎ 130. ಎಲ್ಲವನ್ನೂ ಹಿಂದಿನ ದಿನ ಪೂರ್ತಿ ಚಾರ್ಜ್ ಮಾಡಿದ್ದೆ. ಐದು ಸೆಕೆಂಡು ಲೋಡ್, ಒಂದು ನಿಮಿಷ ಬಿಡುವು, ಮತ್ತೆ ಐದು ಸೆಕೆಂಡು. ಹೀಗೆ ಮೂರು ಸಲ. 8.5 ವೋಲ್ಟಿಗಿಂತ ಕೆಳಗಿಳಿದರೆ ಬೇಡ ಎಂದು ಗೆರೆ ಹಾಕಿಕೊಂಡೆ. ಅದಕ್ಕಿಂತ ಕಡಿಮೆಯಾದರೆ ಮೋಟರು ತಿರುಗಿದರೂ ಇಂಜೆಕ್ಷನ್ ಬೈಕಿನ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಮತ್ತು ಪೆಟ್ರೋಲ್ ಪಂಪು ಕೈಕೊಡುವ ಭಯ ಇರುತ್ತದೆ.

ಶೆಡ್ಡಿನ ಸೆಕೆಯಲ್ಲಿ, 29 ಡಿಗ್ರಿಯಲ್ಲಿ, ನಾಲ್ಕೂ ಪಾಸಾದವು. ಸಣ್ಣ ಲಿಥಿಯಂ 11 ವೋಲ್ಟು ಹಿಡಿದರೆ ದೊಡ್ಡದು 11.8. ನಮ್ಮೂರಲ್ಲಿ ಕೊಂಡು ನಮ್ಮೂರಲ್ಲೇ ಓಡಿಸುವವನಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಮೈನಸ್ 17ರಲ್ಲಿ ಕಥೆ ಬದಲಾಯಿತು. ಸಣ್ಣ ಲಿಥಿಯಂ ಮೊದಲ ಸಲ 7 ವೋಲ್ಟಿಗೆ ಕುಸಿಯಿತು. ಎರಡನೇ ಸಲ 7.9. ಮೂರನೇ ಸಲ 8.6. ಸುಸ್ತಾಗುವ ಬದಲು ಪ್ರತಿ ಸಲವೂ ಮೇಲೆ ಬಂತು! ದೊಡ್ಡ ಲಿಥಿಯಂ 8.9, 9.7, 10.3. ಕರೆಂಟು ಹರಿದಾಗ ಒಳಗಿನ ತಡೆಯಿಂದ ಬಿಸಿ ಹುಟ್ಟುತ್ತದೆ, ಬಿಸಿಯಾದಂತೆ ತಡೆ ಕಡಿಮೆಯಾಗುತ್ತದೆ. ಚಳಿಯಲ್ಲಿ ಲಿಥಿಯಂ ಇಟ್ಟುಕೊಂಡವರು ಮೊದಲು ಹೆಡ್‌ಲೈಟ್ ಎರಡು ಮೂರು ನಿಮಿಷ ಹಚ್ಚಿ ಆಮೇಲೆ ಸೆಲ್ಫ್ ಹೊಡೆಯುವುದು ಈ ಕಾರಣಕ್ಕೆ. ಓದಿ ಗೊತ್ತಿತ್ತು, ಕಣ್ಣಾರೆ ಕಂಡದ್ದು ಆ ಬೆಳಿಗ್ಗೆ.

ಎಜಿಎಂ ಇದರ ತಿರುಗಾಮುರುಗ. ಸಣ್ಣದು 7.6ರಿಂದ ಶುರುವಾಗಿ 7.2ಕ್ಕೆ ಇಳಿಯಿತು. ಕೈಬಿಟ್ಟೆ. ದೊಡ್ಡದು 9, 8.9, 8.8. ಹೆಚ್ಚಲೂ ಇಲ್ಲ, ಕುಸಿಯಲೂ ಇಲ್ಲ. ಮೊದಲ ಒತ್ತಿಗೇ ಇಷ್ಟು ಕೊಡುತ್ತೇನೆ ಎನ್ನುತ್ತದೆ, ಅಷ್ಟನ್ನು ಕೊಡುತ್ತದೆ.

ಸಂಖ್ಯೆ ನೋಡಿದರೆ ದೊಡ್ಡ ಲಿಥಿಯಮ್ಮೇ ಮೇಲು ಅಲ್ವಾ? ನಾನೂ ಒಂದು ದಿನ ಪೂರ್ತಿ ಹಾಗೇ ಯೋಚಿಸಿದೆ. ತೂಕ ಒಂದು ಕೇಜಿಗಿಂತ ಕಡಿಮೆ. ತಿಂಗಳುಗಟ್ಟಲೆ ಬಿಟ್ಟರೂ ಚಾರ್ಜು ಹೆಚ್ಚು ಇಳಿಯುವುದಿಲ್ಲ. ಸ್ವಂತ ಬೈಕು ಇಟ್ಟುಕೊಂಡು ರಾತ್ರಿ ಬ್ಯಾಟರಿ ಬಿಚ್ಚಿ ಒಲೆಯ ಪಕ್ಕ ಇಡುವವನಾದರೆ ಕಣ್ಣುಮುಚ್ಚಿ ಅದನ್ನೇ ತಗೋ ಎನ್ನುತ್ತಿದ್ದೆ. ಆದರೆ ಇದು ಬಾಡಿಗೆ ಬೈಕು. ಅಳಿಯ ಒಂದು ದಿನ ಕೆಳಗೆ ಮನಾಲಿಗೆ ಹೋದರೆ ಅದನ್ನು ಯಾರು ಒಳಗಿಡುತ್ತಾರೆ? ಮರುದಿನ ಬೆಳಿಗ್ಗೆ ಯಾರೋ ಜೀಪಿನಿಂದ ಜಂಪ್ ಕೊಟ್ಟೇ ಕೊಡುತ್ತಾರೆ. ಸೊನ್ನೆಗಿಂತ ಕೆಳಗೆ ಒಂದು ಸಲ ಜೋರಾಗಿ ಚಾರ್ಜ್ ಆದರೆ ಆದ ಪೆಟ್ಟು ಹೊರಗೆ ಕಾಣುವುದೇ ಇಲ್ಲ, ಕಾಣುವುದು ಮುಂದೆ ಯಾವತ್ತೋ ದಾರಿಯ ನಡುವೆ. ಚಳಿಯಲ್ಲಿ ಚಾರ್ಜು ತಡೆಯುವ ಸರ್ಕೀಟು ಇರುವ ಲಿಥಿಯಂ ಕೂಡ ಇವೆ. ಆ ಅಳತೆಯಲ್ಲಿ ನನಗೆ ಸಿಕ್ಕಲಿಲ್ಲ. ಎಜಿಎಂ ಚಳಿಯಲ್ಲಿ ನಿಧಾನ ಚಾರ್ಜ್ ಆಗುತ್ತದೆ, ಆದರೆ ಹಾಳಾಗುವುದಿಲ್ಲ. ನಾನು ವೈಟಿಝಡ್7ಎಸ್ ಅಳತೆಯ ಎಜಿಎಂ ಆರಿಸಿದೆ. ಬೆಲೆಯೂ ಆ ದೊಡ್ಡ ಲಿಥಿಯಮ್ಮಿನ ಮೂರರಲ್ಲಿ ಒಂದು ಪಾಲು.

ಆರಿಸಿದ ಮೇಲೂ ಒಂದು ಅನುಮಾನ ಉಳಿದಿತ್ತು. ಪೂರ್ತಿ ತುಂಬಿರದಿದ್ದರೆ? ಮುಂದಿನ ಭಾನುವಾರ ಮತ್ತೆ ಐಸು ತಂದೆ. ಅದೇ ಬ್ಯಾಟರಿಯನ್ನು 12.5 ವೋಲ್ಟಿಗೆ ಇಳಿಸಿ ಹೂತಿಟ್ಟೆ. ಬೆಳಿಗ್ಗೆ 7.9. ಅದೇ ಬ್ಯಾಟರಿ, ಅದೇ ಚಳಿ. ಸ್ವಲ್ಪ ಇಳಿದ ಚಾರ್ಜು ಒಂದು ವೋಲ್ಟನ್ನು ನುಂಗಿತ್ತು. ಚಳಿಗೆ ಸೀಸದ ಬ್ಯಾಟರಿಯ ಶಕ್ತಿ ಮೊದಲೇ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ, ಅದರ ಮೇಲೆ ಇದು. ಇನ್ನೂ ದೊಡ್ಡ ಅಪಾಯ ಹೆಪ್ಪುಗಟ್ಟುವುದು. ಪೂರ್ತಿ ತುಂಬಿದ ಬ್ಯಾಟರಿಯ ಆಸಿಡ್ಡು ಮೈನಸ್ 60ರ ಆಸುಪಾಸಿನವರೆಗೂ ಹೆಪ್ಪುಗಟ್ಟುವುದಿಲ್ಲ. ಬರಿದಾದ ಬ್ಯಾಟರಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ನೀರು. ಅದು ಮೈನಸ್ 8, 10ಕ್ಕೇ ಗಟ್ಟಿಯಾಗಿ ಒಳಗಿನ ಪ್ಲೇಟು ಬಗ್ಗುತ್ತದೆ, ಡಬ್ಬಿ ಒಡೆಯುತ್ತದೆ. ಹಾಗೆ ಹೆಪ್ಪುಗಟ್ಟಿದ್ದಕ್ಕೆ ಯಾವತ್ತೂ ಚಾರ್ಜ್ ಕೊಡಬಾರದು. ಸಿಸ್ಸುವಿಗೆ ಒಂದು ಸಣ್ಣ ಚಾರ್ಜರ್ ಹೋಗಲೇಬೇಕು ಎಂದು ಅವತ್ತು ತೀರ್ಮಾನವಾಯಿತು.

ಕೂರಿಸುವ ಕೆಲಸ ಸುಲಭವಾಯಿತು. ಬೈಕಿನ ಟ್ರೇ 113 ಉದ್ದ, 70 ಅಗಲ, 85 ಎತ್ತರದ ಬ್ಯಾಟರಿಗೆ ಮಾಡಿದ್ದು. ನಾನು ಆರಿಸಿದ್ದು 113, 70, 105. ಉದ್ದ ಅಗಲ ಒಂದೇ, ಎತ್ತರ ಮಾತ್ರ 20 ಮಿಲಿಮೀಟರ್ ಜಾಸ್ತಿ. ಹಳೆಯ ರಬ್ಬರ್ ಪಟ್ಟಿ ಮುಟ್ಟುವುದಿಲ್ಲ. 25 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಮೇಲಿನಿಂದ ಹಿಡಿಯುವ ಕ್ಲಾಂಪ್ ಮಾಡಿದೆ. ಅಳತೆಗೆ ಅಳಿಯ ರಟ್ಟಿನಲ್ಲಿ ಟ್ರೇಯ ಪಡಿಯಚ್ಚು ಕತ್ತರಿಸಿ ತಂದಿದ್ದ. ಪಟ್ಟಿಯ ಒಳಮೈಗೆ ಸೈಕಲ್ ಟ್ಯೂಬು ಅಂಟಿಸಿದೆ. ಪ್ಲಸ್ ಟರ್ಮಿನಲ್ಲಿಗೆ ರಬ್ಬರ್ ಟೋಪಿ. ಎತ್ತರ ಜಾಸ್ತಿಯಾದ್ದರಿಂದ ಸೀಟಿನ ತಳದ ಕಬ್ಬಿಣ ಅದಕ್ಕೆ ತಾಗುವ ಭಯ ಇತ್ತು. ತೂಕ 2.1 ಕೇಜಿ, ಮೊದಲಿಗಿಂತ ಒಂದೂವರೆ ಕೇಜಿ ಹೆಚ್ಚು. ಹಿಮದಲ್ಲಿ ಟ್ರ್ಯಾಕ್ ಹೊತ್ತ ಬೈಕಿಗೆ ಅದು ಲೆಕ್ಕಕ್ಕಿಲ್ಲ.

ಅರ್ಥಿಂಗಿಗೆ ಹೊಸ ಕೇಬಲ್, 16 ಚದರ ಮಿಲಿಮೀಟರ್ ತಾಮ್ರ, 40 ಸೆಂಟಿಮೀಟರ್. ದೋಣಿಗೆ ಹಾಕುವ ತವರ ಲೇಪಿಸಿದ ಲಗ್ಗು, ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿದ್ದು, ಮೇಲೆ ಅಂಟು ಇರುವ ಹೀಟ್‌ಶ್ರಿಂಕ್. ಇಂಜಿನ್ನಿನ ಬೋಲ್ಟಿನ ಕೆಳಗಿನ ಬಣ್ಣ ಪೂರ್ತಿ ಕೆರೆದು, ಬಿಗಿ ಮಾಡಿದ ಮೇಲೆ ಗ್ರೀಸು ಮೆತ್ತಬೇಕು ಎಂದು ಕಾಗದದಲ್ಲಿ ಬರೆದುಕೊಟ್ಟೆ. ಬಿಸಿ ಹಿಡಿಕೆಗೆ ನಾಲ್ಕು ಪಿನ್ನಿನ ರಿಲೇ ಮತ್ತು ಫ್ಯೂಸು. ರಿಲೇಯ ಕಾಯಿಲಿಗೆ ಕರೆಂಟು ಬರುವುದು ಇಂಜಿನ್ ಓಡುವಾಗ ಮಾತ್ರ ಜೀವ ಇರುವ ವೈರಿನಿಂದ. ಇಂಜಿನ್ ನಿಂತರೆ ಹಿಡಿಕೆಯೂ ನಿಲ್ಲುತ್ತದೆ.

ಇನ್ನು ಆಯಿಲ್. ಬ್ಯಾಟರಿಯ ಮಾತಿನಲ್ಲಿ ಆಯಿಲ್ ಯಾಕೆ ಎನ್ನಬೇಡಿ. ಸೆಲ್ಫ್ ಮೋಟರು ತಿರುಗಿಸಬೇಕಾದದ್ದು ಅದನ್ನೇ. ಡಬ್ಬಿಯ ಮೇಲೆ ಡಬ್ಲ್ಯು ಅಕ್ಷರದ ಹಿಂದಿನ ಸಂಖ್ಯೆ ಚಳಿಯದು. 20ಡಬ್ಲ್ಯು ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷಿಸುತ್ತಾರೆ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ. ಆ ಬೈಕಿನಲ್ಲಿ 20ಡಬ್ಲ್ಯು-50 ಇತ್ತು. ಮೈನಸ್ 16ರ ಬೆಳಿಗ್ಗೆ ಅದು ಜೋನಿಬೆಲ್ಲದ ಹಾಗೆ ಆಗಿರುತ್ತದೆ. ಕೈಪಿಡಿಯ ಪಟ್ಟಿಯಲ್ಲಿ ಸೊನ್ನೆಗಿಂತ ಕೆಳಗೆ 5ಡಬ್ಲ್ಯು-40 ಎಂದೇ ಇತ್ತು. ಬದಲಿಸಲು ಹೇಳಿದೆ.

ನವೆಂಬರ್ ಕೊನೆಗೆ ಅಳಿಯ ಎಲ್ಲವನ್ನೂ ಕಟ್ಟಿಕೊಂಡು ರೈಲು ಹತ್ತಿದ. ಡಿಸೆಂಬರಿನಲ್ಲಿ ಜೋಡಿಸಿ ಮೀಟರಿನ ರೀಡಿಂಗ್ ಕಳಿಸಿದ. ಹಿಡಿಕೆ ಹಚ್ಚಿಕೊಂಡು ಇಂಜಿನ್ ಸುಮ್ನೆ ಓಡುವಾಗ 12.6, ಆಕ್ಸಿಲರೇಟರ್ ಕೊಟ್ಟಾಗ 14.2. ಅಂದರೆ ನಿಂತಲ್ಲೇ ಹಿಡಿಕೆ ಹಚ್ಚಿಟ್ಟರೆ ಬ್ಯಾಟರಿಗೆ ಏನೂ ತುಂಬುತ್ತಿಲ್ಲ, ಬದಲಿಗೆ ಖಾಲಿಯಾಗುತ್ತಿದೆ. ಸವಾರಿ ಮುಗಿಸಿ ಬರುವಾಗ ಕೊನೆಯ ಹತ್ತು ನಿಮಿಷ ಹಿಡಿಕೆ ಬಂದ್ ಮಾಡಿ ಬನ್ನಿ ಎಂದು ಮಾಲೀಕರು ಹ್ಯಾಂಡಲಿಗೆ ಚೀಟಿ ಅಂಟಿಸಿದ್ದಾರೆ. ರಾತ್ರಿ ಚಾರ್ಜರ್ ಹಾಕುವುದು, ಬೆಳಿಗ್ಗೆ ವೋಲ್ಟ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ಅಳಿಯನ ಕೆಲಸ.

ಜನವರಿಯ ಎರಡನೇ ವಾರ ವಿಡಿಯೋ ಕಳಿಸಿದ. ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಶೆಡ್ಡಿನ ಥರ್ಮಾಮೀಟರ್ ಮೈನಸ್ 14. ಮೀಟರ್ ಬ್ಯಾಟರಿಗೆ ಸಿಕ್ಕಿಸಿದೆ, 12.8. ಮೊದಲ ಒತ್ತಿಗೆ ಇಂಜಿನ್ ನಿಧಾನವಾಗಿ, ಭಾರವಾಗಿ ಎರಡು ಸುತ್ತು ತಿರುಗಿತು. ಕೈ ಬಿಟ್ಟ. ಎರಡನೇ ಒತ್ತಿಗೆ ಹಿಡಿಯಿತು. ಮೀಟರು ಅತಿ ಕೆಳಗೆ ಮುಟ್ಟಿದ್ದು 9.4.

"ಕೇಳಿತಾ ಮಾವ?" ಅಂದ.

ಕೇಳಿತು. ಪಕ್ಕದಲ್ಲಿ ಕೂತ ಅಕ್ಕನಿಗೂ ಕೇಳಿಸಿದೆ. ಪರೀಕ್ಷೆಯಲ್ಲಿ ಕೈಬಿಟ್ಟ ಸಣ್ಣ ಎಜಿಎಂ ಈಗ ನನ್ನ ಸ್ಕೂಟರಿನಲ್ಲಿದೆ. ಥರ್ಮೋಕೋಲ್ ಪೆಟ್ಟಿಗೆ ತೊಳೆದು ವಾಪಸು ಕೊಟ್ಟಾಯಿತು. ಫೆಬ್ರವರಿಯ ಕೊನೆಗೆ ಕ್ಯಾಲೆಂಡರಿನ ಫೋಟೋ ತರಿಸಿಕೊಂಡು, ಅರ್ಥಿಂಗ್ ವೈರಿನ ರೀಡಿಂಗ್ ಇನ್ನೂ 0.2ರ ಒಳಗೇ ಇದೆಯೇ ಎಂದು ಮತ್ತೊಮ್ಮೆ ನೋಡಬೇಕು.